ಎರಡನೆಯ ಸಹಿ

ಬ್ಯಾಂಕ್ ವಂಚನೆ ಎಂದರೆ ಈಗ ಒಟಿಪಿ, ನಕಲಿ ಲಿಂಕು, ಡಿಜಿಟಲ್ ಅರೆಸ್ಟ್. ಗ್ರಾಹಕರು ಎಚ್ಚರವಾಗಿದ್ದರೆ ಸಾಕು, ಉಳಿದದ್ದನ್ನು ಕೃತಕ ಬುದ್ಧಿಮತ್ತೆ ನೋಡಿಕೊಳ್ಳುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ವರ್ಷಗಟ್ಟಲೆ ತಪಾಸಣಾ ವಿಭಾಗದಲ್ಲಿ ದುಡಿದ ನಾನು ಇದನ್ನು ಒಪ್ಪಲಾರೆ. ನಾನು ಕಂಡ, ಓದಿದ ದೊಡ್ಡ ಮೋಸಗಳು ಬೆಳೆದದ್ದು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡದ ಜಾಗದಲ್ಲಿ.

ಸ್ವಾತಂತ್ರ್ಯಾನಂತರದ ಮೊದಲ ದಶಕಗಳ ಕಥೆ ಚಿಕ್ಕದು. 1960ರಲ್ಲಿ ಕೇರಳದ ಪಲೈ ಸೆಂಟ್ರಲ್ ಬ್ಯಾಂಕ್ ಮುಳುಗಿತು; 1962ರಲ್ಲಿ ಠೇವಣಿ ವಿಮೆ ಬಂತು. 1969ರ ರಾಷ್ಟ್ರೀಕರಣದಿಂದ ಶಾಖೆಗಳು ಹಳ್ಳಿ ಮುಟ್ಟಿದವು. 1971ರಲ್ಲಿ ದೆಹಲಿಯ ಸ್ಟೇಟ್ ಬ್ಯಾಂಕ್ ಶಾಖೆಯ ಮುಖ್ಯ ಕ್ಯಾಷಿಯರ್, ಫೋನಿನಲ್ಲಿ ಕೇಳಿದ್ದು ಪ್ರಧಾನಿಯ ದನಿಯೆಂದು ನಂಬಿ 60 ಲಕ್ಷ ರೂಪಾಯಿ ಕೊಟ್ಟುಬಿಟ್ಟರು. ದನಿಯನ್ನು ನಂಬಿಸಿ ಹಣ ಕೀಳುವುದು ಹೊಸ ವಿದ್ಯೆಯಲ್ಲ.

ನಾನು ಸೇರಿದ್ದು ಲೆಡ್ಜರುಗಳ ಕಾಲದಲ್ಲಿ. ಡೇ ಬುಕ್ ಕೂಡಿಬರದೆ ಸಂಜೆ ಯಾರೂ ಮನೆಗೆ ಹೊರಡುವಂತಿರಲಿಲ್ಲ. ತಪಾಸಣೆಗೆ ಹೋದವರು ಬಾಗಿಲು ತೆರೆಯುವ ಮೊದಲೇ ಶಾಖೆಯ ಮುಂದೆ ನಿಂತಿರಬೇಕು. ಮೊದಲು ನಗದು ಎಣಿಕೆ, ಆಮೇಲೆ ಚಿನ್ನದ ಸಾಲದ ಚೀಲಗಳು. ಕರಾವಳಿಯ ಒಂದು ಶಾಖೆಯಲ್ಲಿ ಎಲ್ಲ ಚೀಲಗಳ ತೂಕವೂ ರಿಜಿಸ್ಟರಿಗೆ ಸರಿಹೊಂದಿತು. ಬೇರೆ ಊರಿನಿಂದ ನಾವು ಕರೆದೊಯ್ದಿದ್ದ ಅಕ್ಕಸಾಲಿಗರು ಒಂದು ಬಳೆಯನ್ನು ಒರೆಗಲ್ಲಿಗೆ ತಿಕ್ಕಿ, ಗೆರೆಯ ಮೇಲೆ ಆಸಿಡ್ ಹನಿ ಬಿಟ್ಟರು. ಗೆರೆ ಹಸಿರಾಗಿ ಕರಗಿಹೋಯಿತು. ಅಂಥವು ಹನ್ನೊಂದು ಚೀಲ ಸಿಕ್ಕವು. ಎಲ್ಲದಕ್ಕೂ ಒಬ್ಬನೇ ಅಪ್ರೈಸರ್. ಮೇಲೆ ಸಹಿ ಹಾಕಬೇಕಿದ್ದ ಅಧಿಕಾರಿಯ ಜಾಗ ಖಾಲಿ.

1992ರ ಷೇರು ಹಗರಣದಲ್ಲಿ ಮುಂಬಯಿಯ ದೊಡ್ಡ ಬ್ಯಾಂಕುಗಳಲ್ಲಿ ಕಂಡದ್ದೂ ಇದೇ ಖಾಲಿ ಜಾಗ. ಸರ್ಕಾರಿ ಸಾಲಪತ್ರಗಳಿಲ್ಲದೆಯೇ ಬ್ಯಾಂಕ್ ರಸೀದಿಗಳು ಕೈ ಬದಲಿಸಿದವು, ಹಣ ದಲ್ಲಾಳಿಗಳ ಖಾತೆಗೆ ಹರಿಯಿತು. ಜಾನಕಿರಾಮನ್ ಸಮಿತಿ ಲೆಕ್ಕ ಹಾಕಿದಾಗ ಕೊರತೆ 4,000 ಕೋಟಿ ದಾಟಿತ್ತು. ಆ ದಲ್ಲಾಳಿಗಳಲ್ಲಿ ಪ್ರಮುಖನಾದ ಹರ್ಷದ್ ಮೆಹ್ತಾನ ಬಗ್ಗೆ ಪುಸ್ತಕಗಳು ಬಂದವು, ಧಾರಾವಾಹಿ ಬಂತು. ಅದೇ ಹೊತ್ತಿನ ಘೋಷ್ ಸಮಿತಿಯ ವರದಿಯನ್ನು ಇಂದು ಎಷ್ಟು ಜನ ಬ್ಯಾಂಕಿನವರು ಓದಿದ್ದಾರೆ? ವ್ಯವಹಾರ ನಡೆಯುವಾಗಲೇ ಪಕ್ಕದಲ್ಲಿ ಕುಳಿತು ಪರಿಶೀಲಿಸುವ ಕಾನ್‌ಕರೆಂಟ್ ಆಡಿಟ್ ಬೇರೂರಿದ್ದು ಆ ವರದಿಯಿಂದ. 1995ರ ಜಿಲಾನಿ ಸಮಿತಿ ಅದನ್ನು ಬಲಪಡಿಸಿತು. ನಮ್ಮ ಪೀಳಿಗೆ ಕೆಲಸ ಕಲಿತದ್ದು ಈ ಎರಡು ವರದಿಗಳಿಂದ. ಅವುಗಳಿಗಿಂತ ಉಪಯುಕ್ತವಾದದ್ದು ಆಮೇಲೆ ಬಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಲ್ಲ ಶಾಖೆಗಳ ಲೆಕ್ಕವನ್ನು ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ತಂದ ಕೋರ್ ಬ್ಯಾಂಕಿಂಗ್ ಬಂದ ಮೇಲೆ ತಾಳೆ ನೋಡುವ ಕೆಲಸವನ್ನು ಯಂತ್ರಕ್ಕೆ ಬಿಟ್ಟೆವು. 2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣದಲ್ಲಿ ಖಾತರಿಪತ್ರಗಳನ್ನು ಬೇರೆ ಬ್ಯಾಂಕುಗಳಿಗೆ ತಲುಪಿಸುವ ಸ್ವಿಫ್ಟ್ ಸಂದೇಶಗಳಿಗೂ ಕೋರ್ ಬ್ಯಾಂಕಿಂಗ್‌ಗೂ ಕೊಂಡಿಯೇ ಇರಲಿಲ್ಲ. 2016ರ ಆಗಸ್ಟ್‌ನಿಂದ ಕನಿಷ್ಠ ಮೂರು ಸಲ ಈ ಅಪಾಯದ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿದ್ದಾಗಿ ರಿಸರ್ವ್ ಬ್ಯಾಂಕೇ ಹೇಳಿತು. ಮೋಸ ಹೊರಬಿದ್ದದ್ದು ಹಳೆಯ ಅಧಿಕಾರಿ ನಿವೃತ್ತರಾಗಿ, ಹೊಸಬರು ಖಾತರಿಪತ್ರಕ್ಕೆ ಪೂರ್ತಿ ಮಾರ್ಜಿನ್ ಹಣ ಕೇಳಿದಾಗ. ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ಮುನ್ಸೂಚನೆಯಿಲ್ಲದೆ ವರ್ಷಕ್ಕೆ ಹತ್ತು ದಿನ ರಜೆಯ ಮೇಲೆ ಕಳುಹಿಸಬೇಕೆಂಬ ರಿಸರ್ವ್ ಬ್ಯಾಂಕಿನ 2021ರ ಸುತ್ತೋಲೆಯ ಹಿಂದೆ ಇರುವುದು ಇದೇ ತಿಳಿವಳಿಕೆ. ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣದ ಮರುವರ್ಷ, 2019ರಲ್ಲಿ, ಪಿಎಂಸಿ ಸಹಕಾರಿ ಬ್ಯಾಂಕಿನಲ್ಲಿ 21,049 ನಕಲಿ ಖಾತೆಗಳ ಮರೆಯಲ್ಲಿ ಸಾಲಗಳನ್ನು ಅಡಗಿಸಿದ್ದರೆಂಬ ದೂರು ದಾಖಲಾಯಿತು.

ಈಗಿನ ಹಂತದಲ್ಲಿ ಒಳ್ಳೆಯ ಕೆಲಸಗಳೂ ಆಗಿವೆ. ಸೈಬರ್ ವಂಚನೆಯ 1930 ಸಹಾಯವಾಣಿಗೆ ತಡಮಾಡದೆ ಕರೆ ಮಾಡಿದರೆ ಹಣವನ್ನು ದಾರಿಯಲ್ಲೇ ತಡೆಯಬಹುದು. ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನ್ನೋವೇಷನ್ ಹಬ್ ರೂಪಿಸಿದ ಮ್ಯೂಲ್‌ಹಂಟರ್ ತಂತ್ರಾಂಶವು ವಂಚಕರು ಬಳಸುವ ಬಾಡಿಗೆ ಖಾತೆಗಳನ್ನು ಗುರುತಿಸುತ್ತದೆ. ಆದರೆ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಒಟಿಪಿ ಹೇಳಿಬಿಟ್ಟ ಗ್ರಾಹಕರು ದೂರು ಕೊಡುವವರೆಗಿನ ನಷ್ಟವನ್ನು ತಾವೇ ಹೊರಬೇಕು. ಆ ಹಣ ಹೋಗಿ ಸೇರಿದ ಖಾತೆಯನ್ನೂ ಯಾವುದೋ ಒಂದು ಬ್ಯಾಂಕು ತೆರೆದುಕೊಟ್ಟಿರುತ್ತದೆ. ಅರ್ಜಿದಾರನ ಮುಖ ನೋಡಿದವರು ಯಾರು, ವಿಳಾಸಕ್ಕೆ ಹೋಗಿ ಬಂದವರು ಯಾರು, ತಿಂಗಳ ಖಾತೆ ಗುರಿ ಮುಟ್ಟುವ ಅವಸರದಲ್ಲಿ ಆ ಫಾರಂ ಮೇಲೆ ಎರಡನೆಯ ಸಹಿ ಹಾಕಿದವರು ಯಾರು? ಬ್ಯಾಂಕ್ ವಂಚನೆಯ ಬಗ್ಗೆ ನಾನು ಓದಿದ ಸಮೀಕ್ಷೆಗಳಲ್ಲಿ ಈ ಪ್ರಶ್ನೆಗಳನ್ನು ಕಂಡಿಲ್ಲ.