ಉಡುಪು, ಎಚ್ಚರ ಮತ್ತು ಹೊಣೆ: ಒಂದು ವಿವಾದದ ಇತಿಹಾಸ

ಹೆಣ್ಣಿನ ಮೇಲೆ ಅತ್ಯಾಚಾರ ನಡೆದಾಗ ಮೊದಲು ಅವಳ ಉಡುಪನ್ನೂ ನಡೆಯನ್ನೂ ವಿಚಾರಿಸುವ ರೂಢಿ ನಮ್ಮಲ್ಲಿ ಬೇರೂರಿದೆ. ಇದು ಕೇವಲ ಜನರ ಬಾಯಿಮಾತಾಗಿರದೆ ಬಹುಕಾಲ ಶಾಸನದ ಮಾತೂ ಆಗಿದ್ದಿತೆಂಬುದನ್ನು ನಾವು ಇಲ್ಲಿ ವಿವೇಚಿಸಹೊರಟಿದ್ದೇವೆ.

1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 155ನೆಯ ಕಲಮಿನ ನಾಲ್ಕನೆಯ ಭಾಗವು, ಫಿರ್ಯಾದಿ ಹೆಂಗಸು ಸಾಮಾನ್ಯವಾಗಿ ದುರ್ನಡತೆಯವಳೆಂದು ತೋರಿಸಿ ಅವಳ ಸಾಕ್ಷ್ಯವನ್ನು ಅಲ್ಲಗಳೆಯಲು ಅವಕಾಶವಿತ್ತಿತು. ಅದು ರದ್ದಾದದ್ದು 2002ರ ತಿದ್ದುಪಡಿಯಿಂದ, ಎಂದರೆ 130 ವರ್ಷಗಳ ತರುವಾಯ. ಈ ನಡುವೆ, ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯ ಮೇಲೆ ನಡೆದ ಕೃತ್ಯದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ಅವಳ ಮೈಮೇಲೆ ಗಾಯದ ಗುರುತಿಲ್ಲವೆಂಬುದು ಅದಕ್ಕೆ ಒಂದು ಮುಖ್ಯ ಆಧಾರವಾಗಿದ್ದಿತು. 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಅಧ್ಯಾಪಕರು ನ್ಯಾಯಾಲಯಕ್ಕೆ ಬರೆದ ಬಹಿರಂಗ ಪತ್ರವು 1983ರ ತಿದ್ದುಪಡಿಗೆ ದಾರಿಮಾಡಿತು. ಕೇವಲ ಪ್ರತಿಭಟಿಸಲಿಲ್ಲವೆಂಬುದರಿಂದಲೇ ಸಮ್ಮತಿಯಿತ್ತೆಂದು ತಿಳಿಯಲಾಗದೆಂಬ ವಿವರಣೆ 2013ರಲ್ಲಿ ಸೇರಿತು.

ಶಾಸನ ಬದಲಾದರೂ ರೂಢಿ ಬದಲಾಗಲಿಲ್ಲ. 2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಬ್ರಿಗೇಡ್ ರಸ್ತೆ, ಮಹಾತ್ಮ ಗಾಂಧಿ ರಸ್ತೆಗಳ ಸಂದಣಿಯಲ್ಲಿ ಹೆಂಗಸರ ಮೈಮೇಲೆ ಕೈಮಾಡಿದರೆಂಬ ದೂರು ಎದ್ದಾಗ, ಅಂದು ಗೃಹಮಂತ್ರಿಗಳಾಗಿದ್ದ ಜಿ. ಪರಮೇಶ್ವರ ಅವರು ಯುವಜನರು ಮನೋಭಾವದಲ್ಲಿ ಮಾತ್ರವಲ್ಲದೆ ಉಡುಪಿನಲ್ಲಿಯೂ ಪಾಶ್ಚಾತ್ಯರನ್ನು ಅನುಕರಿಸುತ್ತಿರುವರೆಂಬ ಅರ್ಥದ ಮಾತನ್ನಾಡಿ ಟೀಕೆಗೊಳಗಾದರು. 2003ರಲ್ಲಿ ಇದೇ ನಗರದಲ್ಲಿ ಜಸ್ಮೀನ್ ಪಾಥೇಜಾ ಅವರು ಆರಂಭಿಸಿದ 'ಬ್ಲ್ಯಾಂಕ್ ನಾಯ್ಸ್' ಸಂಸ್ಥೆಯಾದರೋ, ಕಿರುಕುಳಕ್ಕೊಳಗಾದಾಗ ಹೆಂಗಸರು ತೊಟ್ಟಿದ್ದ ಬಟ್ಟೆಗಳನ್ನೇ ಸಾಕ್ಷ್ಯವಾಗಿ ಸಂಗ್ರಹಿಸಿತು.

ಜಾಮೀನಿನ ಆದೇಶದಲ್ಲಿ ಹೆಣ್ಣಿನ ಉಡುಪು, ವರ್ತನೆ, ಪೂರ್ವನಡತೆಗಳ ಚರ್ಚೆ ಬರಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚಿಯಲ್ಲಿ ವಿಧಿಸಿತು. ಆದಾಗ್ಯೂ 2022ರಲ್ಲಿ ಕೋಳಿಕ್ಕೋಡಿನ ಸೆಷನ್ಸ್ ನ್ಯಾಯಾಲಯವು 'ಪ್ರಚೋದಕ ಉಡುಪಿ'ನ ಮಾತೆತ್ತಿತು. ಕೇರಳದ ಉಚ್ಚ ನ್ಯಾಯಾಲಯ ಅದನ್ನು ಆದೇಶದಿಂದ ತೆಗೆದುಹಾಕಬೇಕಾಯಿತು.

ಹಾಗಾದರೆ ಎಚ್ಚರಿಕೆ ಹೇಳುವುದೇ ತಪ್ಪೇ? ಅಲ್ಲ. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯ ತಾಯಿಯೊಬ್ಬಳು ಕೆಲಸಕ್ಕೆ ಹೊರಟ ಮಗಳಿಗೆ "ಕತ್ತಲಾಗೋದರೊಳಗೆ ಬಾರಮ್ಮ" ಎಂದರೆ ಅದು ಮಮತೆ. ಅದೇ ಮಾತನ್ನು ಕೃತ್ಯ ನಡೆದ ಮೇಲೆ ಮಂತ್ರಿಯೋ ನ್ಯಾಯಾಧೀಶರೋ ಆಡಿದರೆ ಅದು ತೀರ್ಪಾಗುವುದು; ಬೀದಿಗೆ ದೀಪವಿಡುವ, ಬಸ್ಸು ಓಡಿಸುವ, ದೂರು ಬರೆದುಕೊಳ್ಳುವ ಸರ್ಕಾರದ ಹೊಣೆಯೂ ಅಲ್ಲಿ ಮರೆಯಾಗುವುದು. ಮುಳ್ಳು ಸೀರೆಯ ಮೇಲೆ ಬಿದ್ದರೂ ಸೀರೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಸೀರೆಯೇ ಎಂಬ ಗಾದೆ ನಷ್ಟ ಯಾರಿಗೆಂಬುದನ್ನು ಹೇಳುತ್ತದೆಯೇ ಹೊರತು ತಪ್ಪು ಯಾರದೆಂಬುದನ್ನಲ್ಲ. ಮುಳ್ಳಿಗೆ ಇಚ್ಛೆಯಿಲ್ಲ, ವಿವೇಕವಿಲ್ಲ. ಮನುಷ್ಯನಿಗೆ ಇವೆರಡೂ ಉಂಟು; ಆದುದರಿಂದಲೇ ಅವನಿಗೆ ಹೊಣೆಯೂ ಉಂಟು.