ಮುಂಡಗೋಡ ತಾಲ್ಲೂಕಿನ ಅತಿ ಸಣ್ಣ ಉದ್ಯಮಗಳು: ನೋಂದಣಿ ಹಾಗೂ ಬಾಕಿ ಹಣ ಪಡೆಯುವ ಹಕ್ಕು

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿ ಕೃಷಿಯ ಜೊತೆಗೆ ಹಿಟ್ಟಿನ ಗಿರಣಿ, ಬಡಗಿ ಕೆಲಸ, ಬಟ್ಟೆ ಹೊಲಿಗೆ, ವಾಹನ ದುರಸ್ತಿ, ಸಿದ್ದಿ ಮಹಿಳೆಯರ ಕೌದಿ ಹೊಲಿಗೆ ಹಾಗೂ 1966ರಲ್ಲಿ ಸ್ಥಾಪನೆಯಾದ ಟಿಬೆಟನ್ ನೆಲೆಯ ಕರಕುಶಲ ಕೆಲಸಗಳು ಅನೇಕ ಕುಟುಂಬಗಳಿಗೆ ಆಧಾರವಾಗಿವೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 73ನೇ ಸುತ್ತಿನ (2015-16) ಅಂದಾಜಿನಂತೆ ದೇಶದ 633.88 ಲಕ್ಷ ಕೃಷಿಯೇತರ ಉದ್ಯಮಗಳಲ್ಲಿ 630.52 ಲಕ್ಷ ಅತಿ ಸಣ್ಣ ಉದ್ಯಮಗಳಾಗಿದ್ದು, ಸುಮಾರು 10.76 ಕೋಟಿ ಜನರಿಗೆ ಉದ್ಯೋಗ ಒದಗಿಸಿದ್ದವು.

ಇಂತಹ ಘಟಕಗಳ ಬಂಡವಾಳ ಅಲ್ಪವಾದುದು. ಒಂದು ದೊಡ್ಡ ಬಿಲ್ಲಿನ ಹಣ ಬಾರದಿದ್ದರೂ ಕಚ್ಚಾ ಸಾಮಗ್ರಿ ಕೊಳ್ಳಲು ಹಾಗೂ ಕೂಲಿ ನೀಡಲು ಸಾಧ್ಯವಾಗದೆ ಕೆಲಸ ನಿಲ್ಲುವ ಸಂಭವವಿರುತ್ತದೆ. ಆದುದರಿಂದ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ವ್ಯಾಖ್ಯೆ
ದಿನಾಂಕ 1-4-2025ರಿಂದ ಯಂತ್ರೋಪಕರಣಗಳಲ್ಲಿನ ಹೂಡಿಕೆ ರೂ. 2.5 ಕೋಟಿ ಹಾಗೂ ವಾರ್ಷಿಕ ವಹಿವಾಟು ರೂ. 10 ಕೋಟಿ ಮೀರದ ಉದ್ಯಮವು ಅತಿ ಸಣ್ಣ ಉದ್ಯಮವಾಗಿರುತ್ತದೆ. ಜಮೀನು ಮತ್ತು ಕಟ್ಟಡದ ಮೌಲ್ಯವನ್ನು ಹೂಡಿಕೆಗೆ ಸೇರಿಸತಕ್ಕದ್ದಲ್ಲ.

2. ನೋಂದಣಿ
ಕೇಂದ್ರ ಸರ್ಕಾರದ ಉದ್ಯಮ್ ಜಾಲತಾಣದಲ್ಲಿ ಆಧಾರ್ ಮತ್ತು ಪ್ಯಾನ್ ಸಂಖ್ಯೆಯೊಂದಿಗೆ ಸ್ವಯಂ ಘೋಷಣೆಯ ಮೂಲಕ ನೋಂದಾಯಿಸಿಕೊಳ್ಳಬಹುದು. ಇದಕ್ಕೆ ಯಾವುದೇ ಶುಲ್ಕವಿರುವುದಿಲ್ಲ. ಶುಲ್ಕ ಕೇಳುವ ಮಧ್ಯವರ್ತಿಗಳಿಗೆ ಹಣ ನೀಡಬಾರದು.

3. ಬಾಕಿ ಹಣ
ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ 15ನೇ ಕಲಮಿನಂತೆ, ಲಿಖಿತ ಒಪ್ಪಂದವಿದ್ದಲ್ಲಿಯೂ ಖರೀದಿದಾರರು ಸರಕು ಅಥವಾ ಸೇವೆಯನ್ನು ಸ್ವೀಕರಿಸಿದ 45 ದಿನಗಳೊಳಗೆ ಹಣ ಪಾವತಿಸತಕ್ಕದ್ದು. ತಪ್ಪಿದಲ್ಲಿ 16ನೇ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ನೀಡಬೇಕಾಗುತ್ತದೆ. 18ನೇ ಕಲಮಿನಡಿ ರಾಜ್ಯದ ಸೌಲಭ್ಯ ಮಂಡಳಿಗೆ ಅರ್ಜಿ ಸಲ್ಲಿಸಬಹುದು. ಸರಬರಾಜಿಗೆ ಮೊದಲೇ ನೋಂದಣಿ ಮಾಡಿಕೊಳ್ಳುವುದು ಹಾಗೂ ಖರೀದಿ ಆದೇಶ, ಬಿಲ್ಲು ಮತ್ತು ಸರಕು ತಲುಪಿದ ಬಗ್ಗೆ ಸಹಿ ಮಾಡಿದ ರಸೀದಿಯನ್ನು ಕಾಯ್ದಿಡುವುದು ಅವಶ್ಯ.

4. ವ್ಯಾಪಾರಿಗಳ ಗಮನಕ್ಕೆ
ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳು 2021ರ ಜುಲೈ ತಿಂಗಳಿನಿಂದ ನೋಂದಣಿಗೆ ಅರ್ಹರಾಗಿದ್ದಾರೆ. ಆದರೆ ಅವರಿಗೆ ಬ್ಯಾಂಕುಗಳ ಆದ್ಯತಾ ವಲಯದ ಸಾಲದ ಸೌಲಭ್ಯ ಮಾತ್ರ ಅನ್ವಯಿಸುತ್ತದೆ.

ಹೆಚ್ಚಿನ ಮಾಹಿತಿಗಾಗಿ ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.