ಫೈಲ್ ತೆರೆಯುತ್ತಿಲ್ಲವೇ? ಕೆಟ್ಟಿದೆ ಎನ್ನುವ ಮುನ್ನ ಹೀಗೆ ನೋಡಿ

ಗುಂಡ್ಲುಪೇಟೆಯಿಂದ ಇ-ಮೇಲ್‌ನಲ್ಲಿ ಬಂದ ಕನ್ನಡ ಪತ್ರವನ್ನು ಮಸಿನಗುಡಿಯಲ್ಲಿ ತೆರೆದರೆ ಒಂದೇ ಒಂದು ಕನ್ನಡ ಅಕ್ಷರವೂ ಕಾಣದಿರಬಹುದು. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ನಡುನಡುವೆ ವಿಚಿತ್ರ ಚಿಹ್ನೆಗಳು. ಫೈಲ್ ಕೆಟ್ಟಿದೆ ಎಂದು ಮತ್ತೊಮ್ಮೆ ತರಿಸಿಕೊಂಡರೂ ಅದೇ ಕತೆ. ಗಡಿಯ ಎರಡೂ ಕಡೆ ಜಮೀನು, ನೆಂಟಸ್ತನ ಇಟ್ಟುಕೊಂಡಿರುವ ನೀಲಗಿರಿಯ ಕನ್ನಡಿಗರು ತಿಳಿದಿರಬೇಕಾದ ಸಂಗತಿಯೆಂದರೆ, ಇಂಥ ಫೈಲ್ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ.

ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದವು. ಆ ಅಕ್ಷರಶೈಲಿ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಅಡಿಯಲ್ಲಿರುವ ಇಂಗ್ಲಿಷೇ ಕಾಣುತ್ತದೆ. ಪತ್ತೆ ಹಚ್ಚುವುದು ಸುಲಭ: ತಲೆಯ ಮೇಲೆ ಓರೆಗೆರೆ ಇರುವ 'ಎ' ಅಕ್ಷರ ಹೆಜ್ಜೆಹೆಜ್ಜೆಗೂ ಬರುತ್ತಿದ್ದರೆ ಅದು ನುಡಿ ಅಥವಾ ಬರಹದ್ದು. ನುಡಿ ಅಕ್ಷರಶೈಲಿಯನ್ನು ಉಚಿತವಾಗಿ ಇಳಿಸಿಕೊಂಡರೆ ಸಾಕು. ಇಲ್ಲವೇ 'ನುಡಿಯಿಂದ ಯೂನಿಕೋಡ್' ಎಂದು ಗೂಗಲ್‌ನಲ್ಲಿ ಹುಡುಕಿದರೆ ಉಚಿತ ಪರಿವರ್ತಕಗಳು ಸಿಗುತ್ತವೆ. ಪಠ್ಯವನ್ನು ಅಂಟಿಸಿದರೆ ಕನ್ನಡ ಮೂಡುತ್ತದೆ. ಒತ್ತಕ್ಷರಗಳು ಒಮ್ಮೊಮ್ಮೆ ತಪ್ಪುವುದರಿಂದ ಹೆಸರು, ಸರ್ವೆ ನಂಬರುಗಳನ್ನು ಮೂಲದೊಂದಿಗೆ ತಾಳೆ ನೋಡಬೇಕು.

ತಮಿಳಿನಲ್ಲೂ ಇದೇ ಪಾಡು. ಟ್ಯಾಬ್, ಟಾಮ್, ಟಿಸ್ಕಿ, ಬಾಮಿನಿ ಎಂದು ಹಲವು ಪದ್ಧತಿಗಳಿದ್ದವು. ತಮಿಳುನಾಡು ಸರ್ಕಾರ 2010ರಲ್ಲಿ ಯೂನಿಕೋಡ್ ಒಪ್ಪಿಕೊಂಡಿತಾದರೂ ಅದಕ್ಕೆ ಮುಂಚಿನ ಕಡತಗಳು ಹಾಗೆಯೇ ಉಳಿದಿವೆ. ಕಳಿಸುವವರಿಗೆ ಪಿಡಿಎಫ್ ಮಾಡಿ ಕಳಿಸಲು ಹೇಳುವುದು ಎಲ್ಲಕ್ಕಿಂತ ಸರಳ. ಅದರಲ್ಲಿ ಅಕ್ಷರಶೈಲಿಯೂ ಸಾಮಾನ್ಯವಾಗಿ ಒಳಗೇ ಸೇರಿರುತ್ತದೆ.

ಇನ್ನು ಕೆಲವು ಫೈಲುಗಳು ತೆರೆಯುವುದೇ ಇಲ್ಲ. ಹೆಸರಿನ ಕೊನೆಯ ಬಾಲ, ಅಂದರೆ ಚುಕ್ಕಿಯ ನಂತರದ ಅಕ್ಷರಗಳು, ಕಳಚಿಹೋಗಿರುತ್ತವೆ ಅಥವಾ ಬದಲಾಗಿರುತ್ತವೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಮೊದಲ ಸಾಲನ್ನಷ್ಟೇ ನೋಡಿ, ಉಳಿಸದೆ ಮುಚ್ಚಿ. ಶೇಕಡ ಚಿಹ್ನೆ, ಅದರ ಹಿಂದೆ ಪಿಡಿಎಫ್ ಎಂದಿದ್ದರೆ ಅದು ಪಿಡಿಎಫ್. ಪಿಕೆ ಎಂದಿದ್ದರೆ ಹೊಸ ಬಗೆಯ ವರ್ಡ್, ಎಕ್ಸೆಲ್ ಅಥವಾ ಜಿಪ್. (ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳಿವು.) ಜೆಎಫ್ಐಎಫ್ ಎಂದಿದ್ದರೆ ಫೋಟೋ. ಇಷ್ಟಕ್ಕೂ ತಿಳಿಯದಿದ್ದರೆ ಮಾರ್ಕೊ ಪೊಂಟೆಲ್ಲೊ ಅವರ ಟ್ರಿಡ್, ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಡ್ರಾಯ್ಡ್ ಎಂಬ ಉಚಿತ ತಂತ್ರಾಂಶಗಳಿವೆ. ಸರಿಯಾದ ಬಾಲ ಹಚ್ಚಿದ ಮೇಲೆ ಪಿಡಿಎಫ್‌ಗೆ ಬ್ರೌಸರ್, ವರ್ಡ್‌ಗೆ ಲಿಬ್ರೆ ಆಫೀಸ್ ಅಥವಾ ಗೂಗಲ್ ಡ್ರೈವ್ ಸಾಕು.

ಇ-ಆಧಾರ್ ಪಾಸ್‌ವರ್ಡ್ ಕೇಳಿದರೆ ಗಾಬರಿ ಬೇಡ. ಆಧಾರ್‌ನಲ್ಲಿರುವಂತೆ ಇಂಗ್ಲಿಷ್ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ಅದಕ್ಕೆ ಸೇರಿಸಿ ಹುಟ್ಟಿದ ವರ್ಷ. ಇಂಥದ್ದನ್ನು, ಜಮೀನಿನ ಪತ್ರಗಳನ್ನು ಗೊತ್ತುಗುರಿಯಿಲ್ಲದ 'ಉಚಿತ' ತಾಣಗಳಿಗೆ ಏರಿಸುವುದು ಮಾತ್ರ ತರವಲ್ಲ.

ಪತ್ರ ಕಂಡಿತು ಎಂದ ಮಾತ್ರಕ್ಕೆ ಅದು ಅಸಲಿ ಎಂದಾಗುವುದಿಲ್ಲ. ಮೊಬೈಲಿನಲ್ಲಿ ಯಾರೋ ತೋರಿಸಿದ ಪಹಣಿಯ ಚಿತ್ರ ನೋಡಿ ಮುಂಗಡ ಕೊಡುವ ಬದಲು ಸರ್ವೆ ನಂಬರ್ ಬರೆದುಕೊಂಡು ಕರ್ನಾಟಕದ ಭೂಮಿ ತಾಣದಲ್ಲಿ ನೀವೇ ಹಾಕಿ ನೋಡಿ. ನೋಡಲು ಕಾಸಿಲ್ಲ, ಅಧಿಕೃತ ಪ್ರತಿಗೆ ಶುಲ್ಕವಿದೆ. ಈ ಕಡೆಯ ಪಟ್ಟಾ, ಚಿಟ್ಟಾ ತಮಿಳುನಾಡಿನ ಇ-ಸರ್ವಿಸಸ್ ತಾಣದಲ್ಲಿವೆ. ಪಟ್ಟಾ ಪ್ರತಿ ಅಸಲಿಯೇ ಎಂದು ಪರೀಕ್ಷಿಸುವ ಸೌಲಭ್ಯವೂ ಅಲ್ಲೇ ಇದೆ. ವಿಲ್ಲಂಗ, ಅಂದರೆ ಋಣಭಾರದ ವಿವರ ನೋಂದಣಿ ಇಲಾಖೆಯ ತಾಣದಲ್ಲಿ ಉಚಿತವಾಗಿ ಕಾಣಸಿಗುತ್ತದೆ. ಡಿಜಿಲಾಕರ್‌ನಲ್ಲೂ ಇಲಾಖೆಯೇ ನೀಡಿದ ಪತ್ರಕ್ಕೆ ಮಾತ್ರ ಮೂಲಪ್ರತಿಯ ಮಾನ್ಯತೆ, ನಾವು ಫೋಟೋ ತೆಗೆದು ಏರಿಸಿದ್ದಕ್ಕಲ್ಲ.

ಗೂಡಲೂರು, ಪಂದಲೂರು ಕಡೆಯವರು ಇನ್ನೊಂದು ಮಾತು ಗಮನಿಸಬೇಕು. 1969ರ ಗೂಡಲೂರು ಜನ್ಮಂ ಎಸ್ಟೇಟ್ ರದ್ದತಿ ಕಾಯ್ದೆಯ 17ನೇ ಕಲಮಿನ ಜಮೀನುಗಳ ತಕರಾರು ದಶಕಗಳಷ್ಟು ಹಳೆಯದು. ಅಲ್ಲಿ ಮನೆ ಕಟ್ಟಿಕೊಂಡಿರುವ ಎಷ್ಟೋ ಕುಟುಂಬಗಳಿಗೆ ಪಟ್ಟಾ ಸಿಕ್ಕಿಲ್ಲ. ತಾಣದಲ್ಲಿ ಅವರ ಹೆಸರು ಬಾರದಿರುವುದು ಕಂಪ್ಯೂಟರಿನ ದೋಷವಲ್ಲ, ಯಾವ ತಂತ್ರಾಂಶದಿಂದಲೂ ಅದು ಸರಿಹೋಗುವುದಿಲ್ಲ. ಅಂಥ ಜಮೀನಿಗೂ ಪಿಡಿಎಫ್ ಪಟ್ಟಾ ತೋರಿಸಿ ವ್ಯಾಪಾರಕ್ಕೆ ಬಂದರೆ, ಹಣ ಎಣಿಸುವ ಮೊದಲು ಅದರ ನಂಬರ್ ಹಿಡಿದು ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸಬೇಕು.